ಬೋಳುತಲೆ, ನೀಲಿ ಲಂಗ

ನನ್ನ ಎಡಗಿವಿ ಕೇಳುವುದಿಲ್ಲ. ಅಪ್ಪನ ಬಲಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಗೆರೆಯಿದೆ. ಎರಡೂ ನಮ್ಮೂರ ಮೇಲಿನ ಬೀದಿಯ ತೊಂಬೆಯ ಹತ್ತಿರ, ಒಂದೇ ವರ್ಷದಲ್ಲಿ ಆದವು. ಯಾರಾದರೂ ಕೇಳಿದರೆ ಅಪ್ಪ ತನ್ನ ಹುಬ್ಬಿಗೆ ವ್ಯಾನಿನ ಹಿಂಬಾಗಿಲು ಬಡಿಯಿತು ಎನ್ನುತ್ತಾನೆ, ನನ್ನ ಕಿವಿ ಜ್ವರದಲ್ಲಿ ಹೋಯಿತು ಎನ್ನುತ್ತಾನೆ. ಜ್ವರ ಬಂದಿದ್ದು ನಿಜ, ಆ ವರ್ಷ ನಾನು ಬದುಕುವುದೇ ಅನುಮಾನವಾಗಿತ್ತು. ಆದರೆ ಜ್ವರ ನನ್ನ ಕಿವಿಯ ತಂಟೆಗೆ ಬಂದಿರಲಿಲ್ಲ. ನಾನೀಗ ಯಳಂದೂರಿನಲ್ಲಿದ್ದೇನೆ. ಬೆಳಿಗ್ಗೆ ನಮ್ಮ ಬೀದಿಯಲ್ಲಿ ಹಳದಿ ಬಣ್ಣದ ಸ್ಕೂಲ್ ವ್ಯಾನುಗಳು ಹಾರನ್ ಹೊಡೆದಾಗ ಇವತ್ತಿಗೂ ನನ್ನ ಕೈ ತಾನಾಗಿ ಎಡಗೆನ್ನೆಗೆ ಅಡ್ಡ ಹೋಗುತ್ತದೆ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಮೇಲಿನ ಬೀದಿಯಲ್ಲಿ ದೇವಸ್ಥಾನ, ಅದರ ಪಕ್ಕ ಸರ್ಕಾರಿ ಶಾಲೆ, ಎರಡರ ನಡುವೆ ಪಂಚಾಯ್ತಿಯವರು ಕಟ್ಟಿಸಿದ ತೊಂಬೆ, ಅಂದರೆ ನಲ್ಲಿಗಳಿರುವ ಸಣ್ಣ ಸಿಮೆಂಟು ಟ್ಯಾಂಕು. ಅದರ ಎದುರಿಗೆ ನಮ್ಮ ಮನೆ. ನಮ್ಮದು ಯಾವ ಜಾತಿ ಎಂದು ಬರೆಯುವುದಿಲ್ಲ. ಓದುವವರು ತಮ್ಮ ತಮ್ಮ ಊರಿನ ಮೇಲಿನ ಬೀದಿಯನ್ನು ನೆನೆಸಿಕೊಂಡರೆ ಸಾಕು. ಮನೆಯಲ್ಲಿ ತಾತ, ಅಪ್ಪ, ಅವ್ವ, ನಾನು. ತಾತ ಪ್ರತಿ ಯುಗಾದಿಗೂ ನಡುಮನೆಗೆ ಸುಣ್ಣ ಹೊಡೆಸುತ್ತಿದ್ದ. ಆದರೂ ಅಪ್ಪ ಊಟಕ್ಕೆ ಕೂರುವ ಜಾಗದ ಎದುರುಗೋಡೆಯಲ್ಲಿ ಸುಣ್ಣದ ಅಡಿಯಿಂದ ಕಲೆಗಳು ಮತ್ತೆ ಮೂಡುತ್ತಿದ್ದವು. ಅವು ಸಾರಿನ ಕಲೆಗಳು. ಅಪ್ಪನಿಗೆ ರೇಗಿದರೆ ಮೊದಲು ತಟ್ಟೆ ಹಾರುತ್ತಿತ್ತು, ಆಮೇಲೆ ಕೈ ಏಳುತ್ತಿತ್ತು. ಹುರುಳಿ ಸಾರಿನ ಕಲೆ ಕಂದು, ಬೇಳೆ ಸಾರಿನದು ಹಳದಿ. ಯಾವ ಕಲೆ ಯಾವ ಜಗಳದ್ದು ಎಂದು ನಾನು ಗೋಡೆ ನೋಡಿಯೇ ಹೇಳುತ್ತಿದ್ದೆ. ಅವ್ವ ಅಳುವವಳಲ್ಲ, ಬಾಯಿ ಮಾಡುವವಳು. ಬಾಯಿ ಮಾಡಿದ್ದಕ್ಕೆ ಏಟು ಬೀಳುತ್ತಿತ್ತು, ಏಟು ಬಿದ್ದಿದ್ದಕ್ಕೆ ಬಾಯಿ ಇನ್ನೂ ಜೋರಾಗುತ್ತಿತ್ತು. ತಾತ ಜಗುಲಿಯಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದ. ಒಳಗೆ ಸದ್ದು ಹೆಚ್ಚಾದಷ್ಟೂ ಹೊರಗೆ ಕುಟ್ಟುವ ಸದ್ದೂ ಹೆಚ್ಚಾಗುತ್ತಿತ್ತು.

ಜಗಳಕ್ಕೆ ಮೂಲ ವ್ಯಾನು. ಅಪ್ಪ ಹಳೆಯದೊಂದು ವ್ಯಾನು ತಂದು ಮೇಲಿನ ಬೀದಿಯ ಮಕ್ಕಳನ್ನು ಕೊಳ್ಳೇಗಾಲದ ಕಾನ್ವೆಂಟಿಗೆ ಬಿಟ್ಟು ಬರುವ ಕೆಲಸ ಶುರು ಮಾಡಿದ್ದ. ಅವ್ವ ಅದೇ ಬೀದಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಅಪ್ಪನ ವ್ಯಾನಿಗೆ ಒಂದು ಮಗು ಹತ್ತಿದರೆ ಅವ್ವನ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಕಮ್ಮಿಯಾಗುತ್ತಿತ್ತು. ಜೂನ್ ತಿಂಗಳು ಬಂತೆಂದರೆ ಅಪ್ಪ ಮನೆಮನೆಗೆ ಹೋಗಿ ಟೈ, ಶೂ, ಇಂಗ್ಲಿಷ್ ಎಂದು ಆಸೆ ಹುಟ್ಟಿಸುತ್ತಿದ್ದ. ಅವನ ಹಿಂದೆಯೇ ಅವ್ವ ಹೋಗಿ, ಮಗುವನ್ನು ಕಣ್ಣೆದುರಿಗೇ ಇಟ್ಟುಕೊಳ್ಳಿ, ಬಿಸಿಬಿಸಿ ಅನ್ನ ಹಾಕುತ್ತೇನೆ ಎನ್ನುತ್ತಿದ್ದಳು. ಬೀದಿಯವರು ಇಬ್ಬರಿಗೂ ಕಾಫಿ ಕೊಟ್ಟು ಕೊನೆಗೆ ಅಪ್ಪನ ಮಾತನ್ನೇ ಕೇಳುತ್ತಿದ್ದರು. ಗಂಡಹೆಂಡಿರ ನಡುವೆ ಉಳಿದವಳು ನಾನು.

"ವ್ಯಾನ್ ಓಡ್ಸವನ ಮಗ್ಳೇ ವ್ಯಾನ್ ಅತ್ತದಿಲ್ಲ ಅಂತ ಬೀದಿ ಜನ ನಗ್ತಾರ. ನಾ ಯಾವ್ ಮಕ ಒತ್ಕಂಡು ಬ್ಯಾರೆಯವ್ರ ಮಕ್ಕ ಕರೀಲಿ?"

"ನಾ ಬೇಯ್ಸಿದ್ನ ನನ್ ಮಗ್ಳೇ ಉಣ್ದಿದ್ರ ಬ್ಯಾರೆಯವ್ರ ಮಕ್ಕ ಯಾಕ ಉಂಡವು? ಅವ್ಳು ನನ್ ಜೊತೇಲೇ ಇರ್ತಾಳ."

"ಆ ಕಾಲೊನಿ ಮಕ್ಕಳ ಸಾಲ್ನಲ್ಲಿ ಕುಂತ್ಕಂಡಾ?"

"ಊಂ. ಸಾಲ್ನಲ್ಲೇ."

ಅಲ್ಲಿಗೆ ತಟ್ಟೆ ಹಾರುತ್ತಿತ್ತು. ನಿನಗೆ ಎಲ್ಲಿ ಇಷ್ಟ ಎಂದು ಇಬ್ಬರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ವ್ಯಾನು ಎನ್ನುತ್ತಿದ್ದೆ. ನನಗೂ ಟೈ ಬೇಕಿತ್ತು.

ನಾನು ಒಂದನೇ ಕ್ಲಾಸಿಗೆ ಸೇರಿದಾಗ ಬೆಂಚಿನ ತುಂಬ ನಮ್ಮ ಬೀದಿಯವರೇ ಇದ್ದರು. ಊರಾಚೆಯ ದಲಿತರ ಕಾಲೊನಿಯವರು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದರು. ಪ್ರತಿ ಜೂನಿಗೂ ಮುಂದಿನ ಬೆಂಚು ಖಾಲಿಯಾಗುತ್ತ ಬಂತು, ಹಿಂದಿನವರು ಮುಂದೆ ಬಂದರು. ಆಮೇಲೆ ಕರಿಕಲ್ಲು ಕ್ವಾರಿಗೆ ಕೆಲಸಕ್ಕೆ ಬಂದ ತಮಿಳರ ಮಕ್ಕಳು ಬಂದರು, ಕಾಡಂಚಿನ ಪೋಡಿನಿಂದ ಸೋಲಿಗರ ಮಕ್ಕಳು ನಡೆದು ಬಂದರು. ಅವ್ವನ ತವರು ತಮಿಳುನಾಡಿನ ಗಡಿಯ ಹೂಗ್ಯಂ ಕಡೆ, ತಮಿಳು ಅವಳಿಗೆ ಮನೆಮಾತಿನಷ್ಟೇ ಸಲೀಸು. ಕ್ವಾರಿಯ ಲೈನುಮನೆಗಳಿಗೆ ಹೋಗಿ ಆ ಮಕ್ಕಳನ್ನು ಕೈಹಿಡಿದು ಕರೆತಂದವಳು ಅವಳೇ. ಶಾಲೆ ತುಂಬಿತು, ಆದರೆ ನಮ್ಮ ಬೀದಿಯವರ ಬಾಯಲ್ಲಿ ಅದರ ಹೆಸರು ಬದಲಾಯಿತು. ಮೊದಲು ನಮ್ಮ ಸ್ಕೂಲು ಎನ್ನುತ್ತಿದ್ದವರು ಕಾಲೊನಿ ಸ್ಕೂಲು ಎನ್ನತೊಡಗಿದರು, ಅದು ನಿಂತಿದ್ದದ್ದು ಮಾತ್ರ ನಮ್ಮ ಬೀದಿಯಲ್ಲೇ. ಮೇಷ್ಟ್ರು ಬೆರಳಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದವರು ಹುಣಸೆ ಬರಲು ತರಿಸಿಕೊಂಡರು. ಅವರ ಮಗ ಅಪ್ಪನ ವ್ಯಾನಿನಲ್ಲಿ ಮುಂದಿನ ಸೀಟು. ನಾನು ತಪ್ಪು ಮಾಡಿದರೆ ಈಗಲೂ ಸ್ಕೇಲೇ ಬರುತ್ತಿತ್ತು. ಪಕ್ಕದಲ್ಲಿದ್ದ ಸುಧಾಳಿಗೆ ಅದೇ ತಪ್ಪಿಗೆ ಬರಲು ಬೀಳುತ್ತಿತ್ತು. ಸುಧಾ ಕಾಲೊನಿಯವಳು, ನನ್ನದೇ ಎತ್ತರ, ನನಗಿಂತ ಜೋರು.

"ನಿಂಗ್ಯಾಕ ಸ್ಕೇಲು, ನಂಗ್ಯಾಕ ಬರ್ಲು ಅಂತ ಕೇಳೇ ಮೇಷ್ಟ್ರ" ಎಂದು ಅವಳು ನನ್ನನ್ನು ತಿವಿಯುತ್ತಿದ್ದಳು. ನಾನು ಕೇಳಲಿಲ್ಲ. ನನ್ನ ಕೈ ಉರಿಯುತ್ತಿರಲಿಲ್ಲ.

ನೀರಿನ ಗಲಾಟೆ ಶುರುವಾದದ್ದು ಶಾಲೆಯ ಬೋರ್‌ವೆಲ್ ಕೆಟ್ಟ ಮೇಲೆ. ಹಿಂದೆಯೂ ಅದು ಕೆಡುತ್ತಿತ್ತು. ಆಗ ಬೆಲ್ಲು ಹೊಡೆದ ಕೂಡಲೇ ಇಡೀ ಶಾಲೆ ತೊಂಬೆಗೆ ಮುಗಿಬೀಳುತ್ತಿತ್ತು, ಆ ನೂಕಾಟದಲ್ಲಿ ಯಾರ ಬಾಯಿ ಯಾವ ನಲ್ಲಿಗೆ ತಗುಲಿತು ಎಂದು ನೋಡುವವರಿರಲಿಲ್ಲ. ಬಹುಪಾಲು ನಮ್ಮ ಬೀದಿಯ ಮಕ್ಕಳೇ ಆಗಿದ್ದರಿಂದ ಉಳಿದವರು ನಡುವೆ ಸೇರಿಹೋಗುತ್ತಿದ್ದರು. ಈಗ ಆ ನೂಕಾಟದಲ್ಲಿ ನಮ್ಮ ಬೀದಿಯವಳೆಂದರೆ ನಾನೊಬ್ಬಳೇ. ನೀಲಿ ಲಂಗವೋ ನೀಲಿ ಚಡ್ಡಿಯೋ ಕಂಡರೆ ಸಾಕು, ಅದು ಕಾಲೊನಿಯದೋ ಕ್ವಾರಿಯದೋ ಪೋಡಿನದೋ ಆಗಿರಲೇಬೇಕು. ಶಾಲೆ ಮಕ್ಕಳು ನಲ್ಲಿ ಮುಟ್ಟಬಾರದು ಎಂದು ಬೀದಿಯ ಯಜಮಾನರು ಕಟ್ಟು ಮಾಡಿದರು. ಕ್ವಾರಿಯ ಮುರುಗ ಎಂಬ ಹುಡುಗ ಬಾಯಾರಿ ನಲ್ಲಿಗೆ ಬಾಯಿಟ್ಟಾಗ ಮೂಲೆಮನೆಯವರು ಎತ್ತಿನ ಬಾರುಕೋಲಿನಿಂದ ಬಾರಿಸಿದರು. ಅವನ ಮುಂಗೈ ಮೂಳೆ ಮುರಿದ ಸದ್ದು ನನಗೆ ಶಾಲೆಯ ಗೇಟಿನವರೆಗೂ ಕೇಳಿಸಿತು. ಆಗ ನನಗೆ ಎರಡೂ ಕಿವಿ ಇದ್ದವು. ಸಂಜೆ ಕ್ವಾರಿಯ ಗಂಡಸರು ಬಂದು ಮೂಲೆಮನೆಯ ಹೆಂಚು ಪುಡಿ ಮಾಡಿದರು. ನಮ್ಮವರು ದೊಣ್ಣೆ ಹಿಡಿದು ಹೋಗಿ ಲೈನುಮನೆಗಳ ಒಲೆ, ಪಾತ್ರೆಗಳನ್ನೆಲ್ಲ ಒಡೆದು ಬಂದರು. ಅಪ್ಪನೂ ಹೋಗಿದ್ದ. ಬಂದು ಕೈ ತೊಳೆದು ಊಟಕ್ಕೆ ಕೂತ. ಅವತ್ತು ತಟ್ಟೆ ಹಾರಿಸಿದವಳು ಅವ್ವ.

ಆಮೇಲೆ ಬಿಸಿಯೂಟದ ನೀರನ್ನು ಅವ್ವ, ನಾನು ಇಬ್ಬರೇ ಹೊತ್ತೆವು. ಮೇಲಿನ ಬೀದಿಯ ಹೆಂಗಸು ಎಂದು ಅವಳನ್ನು ಯಾರೂ ತಡೆಯುತ್ತಿರಲಿಲ್ಲ. ಮಕ್ಕಳು ಕುಡಿಯುವ ನೀರಾದರೆ ನಾನು ನಲ್ಲಿಯಲ್ಲಿ ಹಿಡಿದು ಕೊಡುವುದು, ಸುಧಾ ಮತ್ತಿತರರು ದೂರ ನಿಂತು ಬಿಂದಿಗೆಗೆ ಹುಯ್ಯಿಸಿಕೊಳ್ಳುವುದು. ಹಾಗೇ ನಡೆಯುತ್ತಿರುವಾಗ ನನಗೆ ಜ್ವರ ಬಂತು. ಮೈ ಸುಟ್ಟು ಬಾಯಿಗೆ ಬಂದದ್ದು ಬಡಬಡಿಸುತ್ತಿದ್ದೆನಂತೆ. ಮಗು ಉಳಿದರೆ ಬೆಟ್ಟಕ್ಕೆ ಬಂದು ಮುಡಿ ಕೊಡಿಸುತ್ತೇನೆ ಎಂದು ಅವ್ವ ಮಾದಪ್ಪನಿಗೆ ಹರಕೆ ಕಟ್ಟಿದಳು. ನಾನು ಎದ್ದು ಕೂತೆ. ವ್ಯಾನಿನಲ್ಲಿ ಕರೆದುಕೊಂಡು ಹೋಗು ಎಂದರೆ, ಕಾನ್ವೆಂಟಿಗೆ ರಜ ಇಲ್ಲ ಎಂದು ಅಪ್ಪ ಬರಲಿಲ್ಲ. ಅವ್ವ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮುಡಿ ಕೊಡಿಸಿ, ಬೆಟ್ಟದಲ್ಲೇ ತಂಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಳು. ಅಡುಗೆಗೆ ಹೊತ್ತಾಗುತ್ತದೆಂದು ಮನೆಗೆ ಹೋಗದೆ ನೇರ ಶಾಲೆಗೇ ಬಂದೆವು. ಅಡುಗೆ ಕೋಣೆಯಲ್ಲಿ ನನ್ನ ಬಟ್ಟೆ ಬಿಚ್ಚಿ, ಚೀಲದಲ್ಲಿದ್ದ ನೀಲಿ ಲಂಗ ತೊಡಿಸಿ, ನೀರು ಹಿಡಿದುಕೊಂಡು ಬಾ ಎಂದು ಕಳಿಸಿದಳು. ತಲೆಗೆ ಹಚ್ಚಿದ್ದ ಗಂಧ ಬಸ್ಸಿನ ಬೆವರಿಗೆ ಇಳಿದುಹೋಗಿತ್ತು.

ತೊಂಬೆಯ ಆ ಬದಿಗೆ ಅಪ್ಪ ಉದ್ದನೆಯ ರಬ್ಬರ್ ಪೈಪು ಹಾಕಿ ವ್ಯಾನು ತೊಳೆಯುತ್ತಿದ್ದ. ನನಗೆ ಅವನು ಕಾಣಲಿಲ್ಲ, ನಾವು ಬೆಟ್ಟದಿಂದ ಬಂದದ್ದು ಅವನಿಗೂ ಗೊತ್ತಿರಲಿಲ್ಲ. ಜಗುಲಿಯಲ್ಲಿ ಕೂತಿದ್ದವರು ಅವನನ್ನು ಛೇಡಿಸುತ್ತಿದ್ದದ್ದು ಮಾತ್ರ ಕೇಳುತ್ತಿತ್ತು: ನಿನ್ನ ಹೆಂಡತಿ ದೆಸೆಯಿಂದ ತೊಂಬೆ ಊರವರದ್ದೆಲ್ಲ ಆಯ್ತು, ನೀನು ಬರೀ ವ್ಯಾನು ತೊಳಿ. ನನಗೆ ಬಾಯಾರಿತ್ತು. ಬಿಂದಿಗೆ ಕೆಳಗಿಟ್ಟು ಬಗ್ಗಿ ನಲ್ಲಿಗೆ ಬಾಯಿಟ್ಟೆ. ಹಿಂದಿನಿಂದ ಪೈಪು ಬೀಸಿ ಬಂದು ಎಡಗಿವಿಯ ಮೇಲೆ ಬಿತ್ತು. ಅದರ ತುದಿಗೆ ಕಬ್ಬಿಣದ ಮೂತಿ ಇತ್ತು. ತಲೆಯೊಳಗೆ ಏನೋ ಹರಿಯಿತು. ನಾನು ತೊಂಬೆಯ ಕಟ್ಟೆಗೆ ಬಡಿದು ಬಿದ್ದೆ. ಎರಡನೆಯ ಏಟು ಬೆನ್ನಿಗೆ ಬಿತ್ತು. ಮೂರನೆಯದಕ್ಕೆ ಕೈ ಎತ್ತಿದಾಗ ಸುಧಾ ಕಿರುಚಿದಳು.

"ಅಣ್ಣೋ, ಅದು ನಿಮ್ ಮಗ್ಳು ಕಣಣ್ಣೋ!"

ಅಪ್ಪ ನನ್ನನ್ನು ತಿರುಗಿಸಿ ನೋಡಿದ. ಕೈಯಿಂದ ಪೈಪು ಜಾರಿ, ನೀರು ಬೀದಿಯ ತುಂಬ ಹರಿಯಿತು. ಅವನು ನನ್ನನ್ನು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತ. ನಮ್ಮಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಗೊತ್ತಾಗ್ನಿಲ್ಲ ಕಣವ್ವ, ಗೊತ್ತಾಗ್ನಿಲ್ಲ. ಕಾಲೊನಿ ಮಗು ಅಂದ್ಕಂಡೆ ಕಣವ್ವ."

ಬೀದಿಯವರೆಲ್ಲ ಓಡಿಬಂದು ಅಪ್ಪನ ಬೆನ್ನು ಸವರಿದರು. ಪಾಪ, ಗೊತ್ತಾಗದೆ ಹೊಡೆದ ಎಂದರು. ಎರಡು ಮಾರು ದೂರದಲ್ಲಿ ಖಾಲಿ ಬಿಂದಿಗೆ ಹಿಡಿದು ಸುಧಾ ನಿಂತೇ ಇದ್ದಳು. ಆ ಮಾತು ಅವಳಿಗೂ ಕೇಳುತ್ತಿದೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ನನಗೂ ಆಗ ಅನ್ನಿಸಲಿಲ್ಲ, ನನ್ನ ನೋವೇ ನನಗೆ ದೊಡ್ಡದಾಗಿತ್ತು.

ಕೊಳ್ಳೇಗಾಲದ ಡಾಕ್ಟರು ಕಿವಿಯ ತಮಟೆ ಹರಿದಿದೆ ಎಂದರು. ಮನೆಗೆ ಬಂದಾಗ ತಾತ ನಡುಮನೆಯಲ್ಲಿ ಕೂತಿದ್ದ. ಅಪ್ಪ ಆಗಲೇ ಕಾನ್ವೆಂಟಿನ ಬಟ್ಟೆ, ಟೈ, ಕರಿ ಶೂ ತಂದು ಮಂಚದ ಮೇಲೆ ಇಟ್ಟಿದ್ದ. ಅವನ ಪಾಲಿಗೆ ಅದೇ ಮದ್ದು. ನನ್ನ ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಇಟ್ಟ. ತಾತ ತೀರ್ಪು ಹೇಳಿದ.

"ಆ ಬಟ್ಟೆ ಆಕಿದ್ಕೆ ತಾನೇ ಇಂಗಾದ್ದು? ನಾಳಿಂದ ಕೂಸು ವ್ಯಾನ್ಗ ಓಗ್ಲಿ. ಮುಗೀತು."

ಅಷ್ಟರಲ್ಲಿ ಸುಧಾ ನನ್ನನ್ನು ನೋಡಲು ಹಿತ್ತಲ ಬಾಗಿಲಿಗೆ ಬಂದಳು. ಅವಳು ಒಳಗೆ ಬರುವ ಹಾಗಿರಲಿಲ್ಲ. ನಾನು ಹೊಸ್ತಿಲ ಮೇಲೆ ಕೂತೆ, ಅವಳು ಒರಳುಕಲ್ಲಿನ ಪಕ್ಕ ಕೂತಳು. ಅವಳು ಎಡಗಡೆ ಇದ್ದಳು, ನಾನು ಮೈ ತಿರುಗಿಸಿ ಬಲಗಿವಿ ಕೊಡಬೇಕಾಯಿತು.

"ಅದು ನನ್ ಏಟು ಕಣೆ. ನೀ ತಿಂದ್ಬುಟ್ಟೆ" ಎಂದಳು. ಆಮೇಲೆ ಒಂದು ಸುದ್ದಿ ಹೇಳಿದಳು. "ನೀವ್ ಆಸ್ಪತ್ರೆಗ ಓದ್ಮೇಲೆ ನಾವೇ ನೀರ್ ಇಡ್ಕಂಡೋ. ಮೂಲೆಮನೆಯವ್ರು ಕೋಲ್ ತಕಂಡು ಬಂದ್ರು. ಆದ್ರ ಒಡೀನಿಲ್ಲ. ಮುಂದ್ಕ್ ಬಂದು ಬಗ್ಗಿ ಮಕ ನೋಡುದ್ರು. ನಮ್ ಬೀದಿ ಕೂಸೇನೋ ಅಂತ. ಅಷ್ಟೊತ್ಗ ನಾವ್ ಓಡ್ಬುಟ್ಟೊ!"

ಅವಳು ನಗುತ್ತಿದ್ದಳು. ಒಲೆಯ ಮುಂದೆ ಮುದ್ದೆ ತಿರುಗಿಸುತ್ತಿದ್ದ ಅವ್ವ ಅದನ್ನು ಕೇಳಿಸಿಕೊಂಡು ಕೈ ನಿಲ್ಲಿಸಿದಳು. ಹಿಟ್ಟು ತಳ ಹಿಡಿಯುವವರೆಗೂ ಹಾಗೇ ನಿಂತಿದ್ದು, ಮುದ್ದೆ ಕೋಲು ಕೈಯಲ್ಲೇ ಹಿಡಿದು ನಡುಮನೆಗೆ ಬಂದಳು.

"ಇವ್ಳು ವ್ಯಾನ್ ಅತ್ತದಿಲ್ಲ. ತಲೆಕೂದ್ಲೂ ಇಂಗೇ ಇರ್ತದ. ಬೆಳುದ್ರ ಬೋಳುಸ್ತೀನಿ."

"ಬುದ್ಧಿ ಕೆಟ್ಟದಾ ನಿಂಗ?" ಅಪ್ಪ ಎದ್ದ.

"ಇವ್ಳು ಅಲ್ಲಿ ಇರೋಗಂಟ ನೀವೆಲ್ಲಾ ಕೈ ಎತ್ತಕ್ ಮುಂಚೆ ಮಕ ನೋಡ್ತೀರಿ. ನೋಡೋ ಒತ್ಗ ಅವು ಓಡ್ಕತವ. ಅದ್ಕೇ."

ಅಪ್ಪನ ಕೈ ಬೀಸಿ ಬಂತು. ಅವ್ವ ಬಿಸಿ ಹಿಟ್ಟು ಮೆತ್ತಿದ್ದ ಕೋಲಿನಿಂದ ಆ ಮುಂಗೈಗೆ ಬಾರಿಸಿದಳು. ಅವನು ಮತ್ತೆ ಬಂದ, ಅವಳು ಮತ್ತೆ ಬಾರಿಸಿದಳು. ಅಪ್ಪ ಅವಳ ಜುಟ್ಟು ಹಿಡಿದು ಕಂಬಕ್ಕೆ ಗುದ್ದಿದ, ಅವಳು ಅವನ ಭುಜ ಕಚ್ಚಿದಳು. ಟೈ, ಶೂ ಎಲ್ಲ ಹಿಟ್ಟಿನಲ್ಲಿ ಹೊರಳಾಡಿದವು. ತಾತ ಕುಟ್ಟಾಣಿ ಎಸೆದು ಹೊರಗೆ ಹೋದ. ಕೊನೆಗೆ ಇಬ್ಬರೂ ಏದುಸಿರು ಬಿಡುತ್ತ ಒಂದೊಂದು ಮೂಲೆಗೆ ಕೂತರು, ಅವ್ವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಬೆಳಿಗ್ಗೆ ಅವಳು ಅದೇ ಹಣೆಗೆ ಅರಿಸಿನ ಮೆತ್ತಿಕೊಂಡು, ನನಗೆ ನೀಲಿ ಲಂಗ ತೊಡಿಸಿ, ಶಾಲೆಗೆ ಎಳೆದುಕೊಂಡು ಹೋದಳು.

ಆ ವರ್ಷವೆಲ್ಲ ನನ್ನ ತಲೆ ಬೋಳಾಗಿಯೇ ಇತ್ತು. ಕೂದಲು ಬೆರಳಿಗೆ ಸಿಗುವಷ್ಟು ಬೆಳೆದ ಕೂಡಲೇ ಅವ್ವ ಹಿತ್ತಲಲ್ಲಿ ಕೂರಿಸಿ ಬ್ಲೇಡಿನಲ್ಲಿ ಕೆರೆದುಬಿಡುತ್ತಿದ್ದಳು. ನಾನು ಒದ್ದಾಡಿದರೆ ಮೊಣಕಾಲಿನ ನಡುವೆ ಒತ್ತಿ ಹಿಡಿಯುತ್ತಿದ್ದಳು. ಅವ್ವನನ್ನು ಹೊಗಳುವವರು ಈಗ ಬೇಕಾದಷ್ಟಿದ್ದಾರೆ. ನನಗೆ ಆಗ ಅವಳ ಮೇಲೆ ಅಪ್ಪನ ಮೇಲಿದ್ದಷ್ಟೇ ಸಿಟ್ಟಿತ್ತು. ಒಬ್ಬ ಕಿವಿ ತೆಗೆದ, ಒಬ್ಬಳು ಕೂದಲು ತೆಗೆದಳು, ನನಗೆ ಏನು ಬೇಕೆಂದು ಯಾರಿಗೂ ಬೇಕಾಗಿರಲಿಲ್ಲ. ಒಂದು ದಿನ ಸುಧಾ ತಾನೂ ಬೋಳಿಸಿಕೊಂಡು ಬಂದಳು. ಅವಳಿಗೆ ಮೊಣಕಾಲಿಗೆ ಬರುವ ಜಡೆಯಿತ್ತು.

"ನೀ ಒಬ್ಳೇ ಬೋಳಿ ಆದ್ರ ದೂರ್ದಿಂದ್ಲೇ ಗೊತ್ತಾಗೋಯ್ತದ. ಇಬ್ರಾದ್ರ ಗೊತ್ತಾಗದಿಲ್ಲ" ಎಂದು ನನ್ನ ತಲೆಗೆ ತನ್ನ ತಲೆ ಡಿಕ್ಕಿ ಹೊಡೆದಳು. ಆವತ್ತಿನಿಂದ ನಾನು ಬ್ಲೇಡಿಗೆ ಒದ್ದಾಡಲಿಲ್ಲ. ನಿಜ ಹೇಳಬೇಕೆಂದರೆ ಆವತ್ತೇ ನಾನು ಆ ಶಾಲೆಗೆ ಸೇರಿದ್ದು.

ಅವ್ವನ ಲೆಕ್ಕ ಸರಿಯಾಯಿತು. ನಮ್ಮ ಬೀದಿಯ ಗಂಡಸರಿಗೆ ಹೊಸ ಅಭ್ಯಾಸ ಬಂತು. ತೊಂಬೆಯ ಹತ್ತಿರ ನೀಲಿ ಬಟ್ಟೆ ಕಂಡರೆ ಬೈಯುವುದಕ್ಕೆ ಮೊದಲು ಸುತ್ತಿ ಮುಂದೆ ಬರುವುದು, ಬಗ್ಗುವುದು, ಮುಖ ನೋಡುವುದು. ಅಷ್ಟರಲ್ಲಿ ಬಿಂದಿಗೆ ತುಂಬಿರುತ್ತಿತ್ತು, ಮಕ್ಕಳು ಪರಾರಿ. ದೊಡ್ಡ ಮೀಸೆಯವರು ಮಂಡಿ ಹಿಡಿದು ಬಗ್ಗಿ ನಮ್ಮ ಮುಖ ಹುಡುಕುವುದನ್ನು ನೋಡಿ ಸುಧಾ, ನಾನು ಅಡುಗೆ ಕೋಣೆಯಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ಬೇಸಗೆ ಬರುವವರೆಗೂ ಒಂದೇ ಒಂದು ಏಟು ಯಾರಿಗೂ ಬೀಳಲಿಲ್ಲ. ಇನ್ನು ಬೀಳುವುದೇ ಇಲ್ಲ ಎಂದು ನಾನು ನಂಬಿದ್ದೆ.

ಪರೀಕ್ಷೆಯ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ತುಂಬಿದ ಸ್ಟೀಲ್ ಬಿಂದಿಗೆಯನ್ನು ಅಡುಗೆ ಕೋಣೆಯ ಹಂಡೆಗೆ ಸುರಿದು ಖಾಲಿ ಬಿಂದಿಗೆ ಹಿಡಿದು ಬರುತ್ತಿದ್ದೆ. ಸುಧಾ ನಲ್ಲಿಗೆ ಬಗ್ಗಿದ್ದಳು. ಅಪ್ಪ ವ್ಯಾನಿನ ಕಡೆಯಿಂದ ಪೈಪು ಹಿಡಿದು ಬಂದ. ಹಿಂದೆ ಬಂದು ನಿಂತ, ಆಮೇಲೆ ಎಲ್ಲರ ಹಾಗೆ ಸುತ್ತಿ ಮುಂದೆ ಹೋದ, ಬಗ್ಗಿದ. ಸುಧಾ ತಲೆ ಎತ್ತಿದಳು. ಈ ಸಲ ಅವಳು ಓಡಲಿಲ್ಲ, ಬಿಂದಿಗೆ ಇನ್ನೂ ತುಂಬಿರಲಿಲ್ಲ. ಅಪ್ಪ ಅವಳ ಮುಖವನ್ನು ಸಾವಕಾಶವಾಗಿ ನೋಡಿದ. ನಾನಲ್ಲ ಎಂದು ಗೊತ್ತಾಯಿತು. ಅವನ ಮುಖಕ್ಕೆ ಒಂದು ನೆಮ್ಮದಿ ಬಂತು. ಅದು ನನ್ನ ಮೇಲಿನ ಪ್ರೀತಿಯೇ ಎಂದು ಈಗ ತಿಳಿಯುತ್ತದೆ, ತಿಳಿದಷ್ಟೂ ಮೈ ಉರಿಯುತ್ತದೆ. ಆಮೇಲೆ ಅವನು ನೆಟ್ಟಗೆ ನಿಂತು ಹೊಡೆದ.

ಸುಧಾ ಕಟ್ಟೆಯ ಮೇಲೆ ಬಿದ್ದಳು. ಬಾಯಿಂದ ರಕ್ತ, ಒಂದು ಹಲ್ಲು ಸಿಮೆಂಟಿನ ಮೇಲೆ. ಅಪ್ಪನ ಬೆನ್ನು ನನ್ನ ಕಡೆಗಿತ್ತು. ಅವನು ಮತ್ತೆ ಬಗ್ಗಿ ಅವಳ ಬಿಂದಿಗೆ ಕಿತ್ತುಕೊಳ್ಳುತ್ತಿದ್ದ. ತಲೆ ನನ್ನ ಕೈಗೆ ಸಿಗುವಷ್ಟು ಕೆಳಗಿತ್ತು, ಹಿಂದಿನಿಂದ ಹೋದರೆ ಸುಲಭವಾಗಿತ್ತು. ನಾನು ತೊಂಬೆಯನ್ನು ಸುತ್ತಿ ಅವನ ಎದುರಿಗೆ ಹೋಗಿ ನಿಂತೆ. ಅವನು ತಲೆ ಎತ್ತಿ ನನ್ನ ಬೋಳುತಲೆ ನೋಡಿದ, ನೀಲಿ ಲಂಗ ನೋಡಿದ, ಮುಖ ನೋಡಿದ.

"ಮಗಾ..." ಎಂದ.

ಗುರುತು ಸಿಕ್ಕಿತು ಎಂದು ಖಾತ್ರಿಯಾದ ಮೇಲೆಯೇ ನಾನು ಬಿಂದಿಗೆ ಬೀಸಿದ್ದು.